ಬ್ರಿಸ್ಟಲ್ ಬೀದಿಗೆ ನೀರು ಹಾಕಿದ್ದು

ದಾವಣಗೆರೆ, ಹೊರಡುವ ಮುನ್ನ

ಇಂಗ್ಲೆಂಡಿಗೆ ಹೊರಡುವ ಮುಂಚೆ ನಾನು ಮಾಡಿದ ಕೊನೆಯ ಕೆಲಸವೆಂದರೆ ಮನೆಯ ಮುಂದಿನ ನಾಲ್ಕು ಕಲ್ಲಿಗೆ ಸುಣ್ಣ ಬಳಿದದ್ದು. ನಾನಿಲ್ಲದಾಗ ಯಾರಾದರೂ ಬಿಡಾಡಿ ಕಲ್ಲು ಎಂದುಕೊಂಡು ಉರುಳಿಸಿಬಿಟ್ಟರೆ? ಸುಣ್ಣ ಕಂಡರೆ ಇವಕ್ಕೆ ಹೇಳುವವರು ಕೇಳುವವರು ಇದ್ದಾರೆ ಎಂದು ಗೊತ್ತಾಗುತ್ತದೆ.

ನಮ್ಮ ಮನೆ ನಿಜಲಿಂಗಪ್ಪ ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿದೆ. ನಾವು ಮನೆ ಕಟ್ಟಿಸಿದಾಗ ಇಡೀ ಬೀದಿಗೆ ಎರಡು ಸ್ಕೂಟರ್ ಇದ್ದವು. ಬೇಸಿಗೆಯಲ್ಲಿ ಹಪ್ಪಳ, ಶಾವಿಗೆ, ಮೆಣಸಿನಕಾಯಿ ಎಲ್ಲ ಬೀದಿಯಲ್ಲೇ ಒಣಗುತ್ತಿದ್ದವು. ಈಗ ಮನೆಗೆ ಎರಡು ಬೈಕು, ಒಂದು ಕಾರು. ಅದು ಸಾಲದು ಎಂಬಂತೆ ಮುಂದಿನ ರಸ್ತೆಯ ಟ್ಯೂಷನ್ನಿಗೆ ಬರುವ ಹುಡುಗರ ಬೈಕುಗಳು. ಅವರು ನನ್ನ ಗೇಟಿಗೇ ಅಡ್ಡ ನಿಲ್ಲಿಸುತ್ತಿದ್ದರು. ಬೈದೆ, ಕೇಳಲಿಲ್ಲ. ಒಂದು ಬೈಕಿನ ಗಾಳಿ ಬಿಟ್ಟೆ, ಜಗಳವಾಯಿತು. ಕೊನೆಗೆ ನಾಲ್ಕು ದೊಡ್ಡ ಕಲ್ಲು ತರಿಸಿ ಗೇಟಿನ ಮುಂದೆ ಸಾಲಾಗಿ ಇಡಿಸಿದೆ. ಬೈಕುಗಳು ಹೋದವು.

ಎಲ್ಲಿಗೆ ಹೋದವು? ಎದುರು ಮನೆಗೆ. ಅಲ್ಲಿ ನೂರ್‌ಜಹಾನ್ ಇದ್ದಾಳೆ, ಸೀರೆ ಸೆರಗಿಗೆ ಕುಚ್ಚು ಕಟ್ಟುವವಳು. ದಾರದ ಬಣ್ಣ ಹೊಂದಿಸುವುದಕ್ಕೆ ಹಗಲು ಬೆಳಕೇ ಬೇಕು ಎಂದು ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತೇ ಕೆಲಸ ಮಾಡುತ್ತಿದ್ದಳು. ಒಂದು ದಿನ ಬಂದಳು.

“ಕೊಟ್ರಮ್ಮಾರೆ, ನಿಮ್ ಕಲ್ಲು ಬಂದಾಗಿಂದ ಬೈಕೆಲ್ಲ ನನ್ ಬಾಗ್ಲಾಗ ನಿಂತಾವ್ರಿ. ಕುಂದ್ರಾಕೆ ಜಾಗಿಲ್ಲ, ಕಣ್ಣಿಗೆ ಬೆಳಕಿಲ್ಲ. ಎರಡಾದ್ರೂ ತೆಗೀರಿ.”

“ನೀನೂ ನಾಕು ಕಲ್ಲು ಇಟ್ಕ. ಯಾರು ಬ್ಯಾಡಂತಾರೆ?”

“ಎಲ್ರೂ ಕಲ್ಲು ಇಟ್ಕಂಡ್ರೆ ರಸ್ತೆ ಎಲ್ಲೈತ್ರಿ?”

“ಅದು ನಂಗೊತ್ತಿಲ್ಲ. ನಮ್ ಮನಿ ಮುಂದ ನಮ್ ಕಲ್ಲು.”

ಅಲ್ಲಿಗೆ ಮಾತು ನಿಂತಿತು. ನಿಂತದ್ದು ನಿಂತೇ ಒಂದು ವರ್ಷವಾಗಿತ್ತು. ನಾನು ಸುಣ್ಣ ಬಳಿಯುವಾಗ ಅವಳು ಬೈಕುಗಳ ಸಂದಿಯಿಂದ ನೋಡುತ್ತಿದ್ದಳು. ಎಲ್ಲಿಗೆ ಹೊರಟಿರಿ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹರಿಹರ

ನನ್ನ ತವರು ಹರಿಹರ. ತಮ್ಮನ ಮನೆಯಲ್ಲಿ ಊಟ ಮಾಡಿ ಅಲ್ಲಿಂದಲೇ ಬೆಂಗಳೂರಿನ ರೈಲು ಹತ್ತಿದೆ. ನನ್ನ ಮಗಳ ಮಗಳು ಸೌಮ್ಯ ಬ್ರಿಸ್ಟಲ್ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸ್. ಅವಳ ಗಂಡ ಪ್ರಕಾಶನೂ ಹರಿಹರದವನೇ, ಅಲ್ಲಿ ಬಸ್ಸು ರಿಪೇರಿ ಮಾಡುತ್ತಾನೆ. ಅವರ ಮಗಳು ಚಿನ್ನುಗೆ ಐದು ವರ್ಷ. ಇಬ್ಬರಿಗೂ ಪಾಳಿ ಕೆಲಸ, ಮಗುವನ್ನು ನೋಡಿಕೊಳ್ಳಲು ಆರು ತಿಂಗಳು ಬಾ ಎಂದಿದ್ದರು. ಪ್ರಕಾಶನ ಅವ್ವ ಒಂದು ಚೀಲ ಮಂಡಕ್ಕಿ, ಶೇಂಗಾ ಚಟ್ನಿಪುಡಿ ಕೊಟ್ಟಳು. ತಮ್ಮ ಗಾಳಿ ಸೋಕಿದ್ದನ್ನು ಬಿಡಿಸುವ ಉಕ್ಕಡಗಾತ್ರಿ ಅಜ್ಜಯ್ಯನ ವಿಭೂತಿ ಪೊಟ್ಟಣ ಕೊಟ್ಟ.

“ಅಲ್ಲಿ ಎಂಥ ಗಾಳಿನೋ ಏನೋ. ದಿನಾ ಹಚ್ಕ, ಅಕ್ಕ.”

ಗಾಳಿಯಿಂದ ನನಗೇನೂ ಆಗಲಿಲ್ಲ. ನನ್ನಿಂದ ಬೇರೆಯವರಿಗೆ ಆಯಿತು. ಅದನ್ನು ಮುಂದೆ ಹೇಳುತ್ತೇನೆ.

ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಒಬ್ಬ ಆಫೀಸರು ಮಂಡಕ್ಕಿ ಚೀಲ ಬಿಚ್ಚಿಸಿದ. ಒಂದೇ ಒಂದು ಕಾಳನ್ನು ಎರಡು ಬೆರಳಿನಲ್ಲಿ ಹಿಡಿದು ಬೆಳಕಿಗೆ ನೋಡಿದ. ನಾನು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದೆ. ಅವನಿಗೂ ಕೊಡಹೋದೆ, ಬೇಡವೆಂದ. ವಿಭೂತಿಯನ್ನು ಇನ್ನೊಬ್ಬನಿಗೆ ತೋರಿಸಿದ, ಅವನು ಮತ್ತೊಬ್ಬಳಿಗೆ ತೋರಿಸಿದ. ಹಣೆಗೆ ಮೂರು ಗೆರೆ ಎಳೆದುಕೊಂಡು ತೋರಿಸಿದ ಮೇಲೆ ಬಿಟ್ಟರು.

ಬ್ರಿಸ್ಟಲ್, ಮೊದಲ ವಾರ

ಸೌಮ್ಯಳ ಬೀದಿಯಲ್ಲಿ ಮನೆಗಳು ರೈಲು ಡಬ್ಬಿಗಳ ಹಾಗೆ ಒಂದಕ್ಕೊಂದು ಅಂಟಿಕೊಂಡಿವೆ. ಬಾಗಿಲು ತೆಗೆದರೆ ಎರಡು ಹೆಜ್ಜೆಗೆ ಕಲ್ಲು ಹಾಸಿದ ಕಾಲುದಾರಿ, ಅದರ ಆಚೆ ರಸ್ತೆ. ರಸ್ತೆಯ ಎರಡೂ ಬದಿಗೆ ಕಾರುಗಳು ಮೂಗಿಗೆ ಬಾಲ ತಾಗಿಸಿ ನಿಂತಿವೆ. ಮನುಷ್ಯರು ಮಾತ್ರ ಇಲ್ಲ. ಮೊದಲ ದಿನ ಕಿಟಕಿಯಲ್ಲಿ ಒಂದು ತಾಸು ನಿಂತು ನೋಡಿದೆ. ಒಂದು ಬೆಕ್ಕು ಹೋಯಿತು.

“ಯಾರ್ದಾದ್ರೂ ಸಾವಾಗೈತೇನೇ?” ಎಂದು ಸೌಮ್ಯಳನ್ನು ಕೇಳಿದೆ.

“ಇಲ್ಲಜ್ಜಿ, ದಿನಾ ಹಿಂಗೇ.”

“ಸಾವಾಗಿದ್ರೆ ನಾಕು ಜನ ನಿಂತಿರ್ತಿದ್ರು ಬಿಡು.”

ನಮ್ಮ ಪಕ್ಕದ ಮನೆಯ ಮುಂದೆ, ಕಾರು ನಿಲ್ಲಿಸುವ ಜಾಗದಲ್ಲಿ, ಕೆಂಪು ಬಿಳಿ ಬಣ್ಣದ ಒಂದು ಪ್ಲಾಸ್ಟಿಕ್ ಕೋನ್ ಇತ್ತು. ಆ ಮನೆಯ ಮುದುಕ ಕಾರು ತೆಗೆದುಕೊಂಡು ಹೋಗುವಾಗ ಅದನ್ನು ಅಲ್ಲಿ ಇಟ್ಟು ಹೋಗುತ್ತಾನೆ, ಬಂದ ಮೇಲೆ ಎತ್ತಿ ಒಳಗಿಡುತ್ತಾನೆ. ಬೇರೆ ಯಾರೂ ಅಲ್ಲಿ ನಿಲ್ಲಿಸುವಂತಿಲ್ಲ. ಇದೇನು ಎಂದು ಸೌಮ್ಯಳನ್ನು ಕೇಳಿದೆ.

“ನಿನ್ ಕಲ್ಲು ಐತಲ್ಲ ಅಜ್ಜಿ, ಅದ್ರ ತಮ್ಮ.”

ಮುದುಕನ ಹೆಸರು ಡೆನಿಸ್. ನಾನು ಡೆನಿಸಪ್ಪ ಎಂದೆ, ಅದೇ ಗಟ್ಟಿಯಾಯಿತು. ಸೌಮ್ಯಳಿಗೆ ಈ ಡೆನಿಸಪ್ಪನದೇ ಚಿಂತೆ. ಯಾಕೆಂದರೆ ಅವಳು ಒಂದು ಕೆಲಸ ಹಚ್ಚಿಕೊಂಡಿದ್ದಳು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಬೀದಿಯ ಎರಡೂ ಬಾಯಿ ಮುಚ್ಚುವುದು. ಗಾಡಿ ಓಡಾಡುವ ಹಾಗಿಲ್ಲ. ಮಕ್ಕಳು ಆಡಬೇಕು, ದೊಡ್ಡವರು ಹೊರಗೆ ಬಂದು ಕೂರಬೇಕು. ಅದಕ್ಕೆ ಅಲ್ಲಿಯ ಪಾಲಿಕೆಗೆ ಅರ್ಜಿ ಹಾಕಿದ್ದಳು. ಮೊದಲು ಒಂದು ಭಾನುವಾರ ಪರೀಕ್ಷೆಗೆ ಮುಚ್ಚಿ ನೋಡಬೇಕು. ಆಮೇಲೆ ಬೇಡ ಎನ್ನುವವರು ಫಾರಂ ತುಂಬಿ ಕೊಡಬೇಕು. ಯಾರೂ ಕೊಡದಿದ್ದರೆ ವರ್ಷದ ಒಪ್ಪಿಗೆ ಸಿಗುತ್ತದೆ. ಕೊಟ್ಟರೆ ಅಲ್ಲಿಗೆ ನಿಲ್ಲುವುದೇ ಹೆಚ್ಚು.

ಬೀದಿಯಲ್ಲಿ ಕೂರುವುದಕ್ಕೂ ಅರ್ಜಿಯೇ ಎಂದು ನಾನು ನಕ್ಕೆ. ಅವಳು ನಗಲಿಲ್ಲ.

“ಮೂರು ಮನಿ ಆಚೆ ಚಿನ್ನು ವಾರಿಗೆ ಹುಡುಗಿ ಐತೆ ಅಜ್ಜಿ. ಅದು ನಂಗೆ ಗೊತ್ತಾಗಾಕೆ ಎರಡು ವರ್ಷ ಹಿಡೀತು. ಹೋದ ವರ್ಷ ಚಿನ್ನು ಎರಡು ಕಾರಿನ ಸಂದ್ಯಾಗಿಂದ ರಸ್ತೆಗೆ ಓಡಿದ್ಲು, ವ್ಯಾನಿನೋನು ಬ್ರೇಕ್ ಹಾಕಿದ್ದಕ್ಕೆ ಉಳಿದ್ಲು. ಅವತ್ತಿಂದ ಅವ್ಳು ಬಾಗ್ಲು ದಾಟಿದ್ರೆ ನನ್ ಎದೆ ಹೊಡ್ಕಂತೈತೆ. ಎಲ್ರೂ ಹೂಂ ಅಂದಾರೆ. ಈ ಡೆನಿಸ್ ಒಬ್ರು ಬ್ಯಾಡಂತ ಬರೆದು ಕೊಡ್ತೀನಿ ಅಂದಾರೆ.”

“ಯಾಕಂತೆ?”

“ಅವ್ರು ಹೇಳಂಗಿಲ್ಲ.”

ಹೆಪ್ಪುಗಟ್ಟಿದ ಬೆಳಿಗ್ಗೆ

ನಾನು ಹುಟ್ಟಿದಾಗಿನಿಂದ ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕದೆ ಚಾ ಕುಡಿದವಳಲ್ಲ. ಬ್ರಿಸ್ಟಲ್‌ನಲ್ಲೂ ಸೌಮ್ಯ ಏಳುವುದಕ್ಕೆ ಮುಂಚೆ ಒಂದು ಬಕೆಟ್ ನೀರು ತಂದು ಬಾಗಿಲ ಮುಂದೆ ಚೆಲ್ಲಿ, ಕಸಬರಿಗೆಯಲ್ಲಿ ತಳ್ಳಿ, ಅಕ್ಕಿಹಿಟ್ಟಿನಲ್ಲಿ ನಾಲ್ಕು ಎಳೆ ರಂಗೋಲಿ ಹಾಕುತ್ತಿದ್ದೆ. ಮಳೆ ಬಂದು ಅಳಿಸುತ್ತಿತ್ತು. ಅದು ಅದರ ಕೆಲಸ, ಇದು ನನ್ನ ಕೆಲಸ.

ಪಕ್ಕದ ಬಾಗಿಲು ಮಾತ್ರ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಡೆನಿಸಪ್ಪನ ಮನೆಯಲ್ಲಿ ಹೆಂಗಸು ಕಾಣುತ್ತಿರಲಿಲ್ಲ. ನಮ್ಮಲ್ಲಿ ಬಾಗಿಲಿಗೆ ನೀರು ಬಿದ್ದಿಲ್ಲವೆಂದರೆ ಆ ಮನೆಯಲ್ಲಿ ಏನೋ ಕೆಟ್ಟದ್ದಾಗಿದೆ ಎಂದೇ ಅರ್ಥ. ಪಕ್ಕದವಳಿಗೆ ಹುಷಾರಿಲ್ಲದಿದ್ದರೆ ಅವಳ ಬಾಗಿಲಿಗೂ ನಾವೇ ಎರಡು ತಂಬಿಗೆ ಹಾಕುತ್ತೇವೆ. ಹಾಗೆಂದುಕೊಂಡು ಒಂದು ದಿನ ಇನ್ನೊಂದು ಬಕೆಟ್ ತಂದು ಡೆನಿಸಪ್ಪನ ಬಾಗಿಲಿಗೂ ಹಾಕಿದೆ. ನಮ್ಮದಕ್ಕಿಂತ ಚೆನ್ನಾಗಿಯೇ ಹಾಕಿದೆ.

ಆ ದಿನ ಚಳಿ ಹೆಚ್ಚಿತ್ತು. ಕಾರುಗಳ ಗಾಜಿನ ಮೇಲೆ ಬಿಳಿ ಪುಡಿ ಕೂತಿತ್ತು. ಅದು ಏನೆಂದು ತಿಳಿಯುವಷ್ಟು ಬುದ್ಧಿ ನನಗಿರಲಿಲ್ಲ. ಒಳಗೆ ಬಂದು ಚಾಕ್ಕೆ ಇಟ್ಟೆ. ಚಾ ಉಕ್ಕುವ ಹೊತ್ತಿಗೆ ಹೊರಗೆ ಮೂಟೆ ಬಿದ್ದ ಹಾಗೆ ಸದ್ದಾಯಿತು. ಓಡಿ ಬಂದು ನೋಡಿದರೆ ಡೆನಿಸಪ್ಪ ಬಾಗಿಲ ಮುಂದೆ ಅಂಗಾತ ಬಿದ್ದಿದ್ದಾನೆ. ನಾನು ಹಾಕಿದ ನೀರು ಗಾಜಾಗಿತ್ತು. ಎತ್ತಲು ಹೋದ ನಾನೂ ಜಾರಿ ಅವನ ಪಕ್ಕದಲ್ಲೇ ಕೂತೆ. ಇಬ್ಬರು ಮುದುಕರು ಬೆಳಬೆಳಿಗ್ಗೆ ಬೀದಿಯಲ್ಲಿ ಕೂತಿದ್ದೇವೆ. ಆ ಬೀದಿಯಲ್ಲಿ ಜನ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಸೌಮ್ಯ ಬಂದಳು. ಕಾಲಡಿ ನೋಡಿದಳು, ಬಕೆಟ್ ನೋಡಿದಳು.

“ಏನ್ ಮಾಡ್ದೆ ಅಜ್ಜಿ?”

“ನೀರ್ ಹಾಕ್ದೆ.”

“ಅವ್ರ ಬಾಗ್ಲಿಗೆ?”

“ಪಾಪ, ಹೆಂಗಸಿಲ್ಲದ ಮನಿ ಅಂತ.”

“ನಿನ್ ಪಾಪ ನಿನ್ ಹತ್ರನೇ ಇಟ್ಕ! ಬೀದಿಯಾಗೆ ಇರೋರು ಇಷ್ಟು ಜನ. ಬೀಳಿಸಿ ಬೀಳಿಸಿ ಇವ್ರನ್ನೇ ಬೀಳಿಸ್ಬೇಕಿತ್ತಾ?”

ಡೆನಿಸಪ್ಪನ ಬಲಗೈ ಮಣಿಕಟ್ಟು ಬಿರುಕು ಬಿಟ್ಟಿತ್ತು. ಸೌಮ್ಯಳೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪಟ್ಟಿ ಹಾಕಿಸಿಕೊಂಡು ಬಂದಳು. ಆರು ವಾರ ಕಾರು ಓಡಿಸುವಂತಿಲ್ಲ. ನಾನು ಅಜ್ಜಯ್ಯನ ವಿಭೂತಿ ಹಿಡಿದುಕೊಂಡು ಹೋಗಿ ಅವನ ಕೈಗೆ ಹಚ್ಚಹೊರಟಾಗ ಸೌಮ್ಯ ನನ್ನ ಕೈ ಹಿಡಿದುಕೊಂಡಳು. ಇನ್ನೇನೂ ಮಾಡಬೇಡ ಅಜ್ಜಿ ಎಂದು ಹಲ್ಲು ಕಚ್ಚಿ ಹೇಳಿದಳು. ಮರುದಿನ ಉಪ್ಪಿಟ್ಟು ಕೊಟ್ಟು ಬಂದೆ. ಎಡಗೈಯಲ್ಲಿ ತಿಂದ. ನೋಡಲಾಗಲಿಲ್ಲ, ಆದರೆ ಬಲಗೈ ಕಳೆದವಳು ನಾನೇ. ಅವನು ಬೈಯಲಿಲ್ಲ. ಬೈದಿದ್ದರೂ ನನಗೆ ತಿಳಿಯುತ್ತಿರಲಿಲ್ಲ.

ಸೌಮ್ಯ ಮಾತ್ರ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಈಗಂತೂ ಫಾರಂ ಕೊಟ್ಟೇ ಕೊಡುತ್ತಾರೆ ಎಂದು ಪ್ರಕಾಶನಿಗೆ ಹೇಳುತ್ತಿದ್ದದ್ದು ಕೇಳಿಸಿತು.

ಬಸ್ಸಿನಲ್ಲಿ

ಮುಂದಿನ ಭಾನುವಾರ ಮಧ್ಯಾಹ್ನ ಡೆನಿಸಪ್ಪ ಕೋಟು ಹಾಕಿಕೊಂಡು, ಕಂಕುಳಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡು, ಎಡಗೈಯಲ್ಲಿ ಬೀಗ ಹಾಕಲು ಒದ್ದಾಡುತ್ತಿದ್ದ. ನಾನು ಹೋಗಿ ಡಬ್ಬಿ ತೆಗೆದುಕೊಂಡೆ. ಅವನು ಬೀಗ ಹಾಕಿದ, ಡಬ್ಬಿಗೆ ಕೈ ಚಾಚಿದ. ನಾನು ಕೊಡದೆ ಅವನ ಜೊತೆ ನಡೆದೆ. ಸೌಮ್ಯ ಹಿಂದೆಯೇ ಓಡಿ ಬಂದಳು.

“ಎಲ್ಲಿಗೆ ಹೊಂಟಿ?”

“ಅವನು ಎಲ್ಲಿಗೆ ಹೊಂಟಾನೋ ಅಲ್ಲಿಗೆ. ಬಸ್ಸಿನಾಗ ಕಂಬಿ ಹಿಡಿಯಾಕೆ ಒಂದು ಕೈ ಬೇಕಲ್ಲ ಅವನಿಗೆ?”

ಅಲ್ಲಿಯ ಬಸ್ಸಿಗೆ ಕಂಡಕ್ಟರ್ ಇಲ್ಲ. ಇಳಿಯುವಾಗ ಒಬ್ಬೊಬ್ಬರೂ ಡ್ರೈವರಿಗೆ ಏನೋ ಹೇಳಿ ಇಳಿಯುತ್ತಾರೆ. ಸ್ಟಾಪಿನಲ್ಲಿ ನಿಲ್ಲಿಸಲಿಲ್ಲವೆಂದು ಜಗಳವಾಡುತ್ತಾರೆ ಎಂದುಕೊಂಡಿದ್ದೆ, ಉಪಕಾರವಾಯಿತು ಎನ್ನುತ್ತಾರಂತೆ. ನಮ್ಮೂರಿನ ಶಾಮನೂರು ಬಸ್ಸಿನಿಂದ ಇಳಿಯುವಾಗ ನಾವು ಡ್ರೈವರಿಗೆ ಹೇಳುವುದೇ ಬೇರೆ.

ಇಳಿದದ್ದು ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯ ಮುಂದೆ. ಒಳಗೆ ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು, ಅವನ ಹೆಂಡತಿ. ಕಾಲಿನಲ್ಲಿ ಶಕ್ತಿ ಇಲ್ಲ, ಬುದ್ಧಿ ಸರಿಯಾಗಿದೆ. ಗೋಡೆಯ ಹಲಗೆಯಲ್ಲಿ ಚಾ ಕಪ್ಪಿನ ಚಿತ್ರದ ಪಕ್ಕ 3.30 ಎಂದು ಬರೆದಿತ್ತು, ಆ ಹೊತ್ತಿಗೆ ಅಲ್ಲಿ ಎಲ್ಲರಿಗೂ ಚಾ ಕೊಡುತ್ತಾರೆ. ಬಸ್ಸು ತಡವಾಗಿದ್ದರಿಂದ ನಾವು ಹೋದಾಗ ಹೊತ್ತು ಮೀರಿತ್ತು. ಉಳಿದವರ ಕಪ್ಪು ಖಾಲಿಯಾಗಿದ್ದವು. ಅವಳದು ತುಂಬಿಯೇ ಇತ್ತು, ಆರಿ ಕೆನೆ ಕಟ್ಟಿತ್ತು. ಅವಳು ಅವನನ್ನು ನೋಡಿದಳು, ಗೋಡೆಯ ಗಡಿಯಾರ ನೋಡಿದಳು. ಅವನು ಡಬ್ಬಿ ಬಿಚ್ಚಿ ಬಿಸ್ಕತ್ತನ್ನು ಆರಿದ ಚಾದಲ್ಲೇ ಅದ್ದಿ ಕೊಟ್ಟ. ಆಮೇಲೆ ಅವಳು ಕುಡಿದಳು.

ನನ್ನನ್ನು ತೋರಿಸಿ ಏನೋ ಕೇಳಿದಳು. ಅವನು ಬಹಳ ಹೊತ್ತು ವಿವರಿಸಿದ, ಎಡಗೈಯಲ್ಲಿ ಬಕೆಟ್ ಸುರಿದು ತೋರಿಸಿದ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೂ ಒಂದು ಬಿಸ್ಕತ್ತು ಕೊಟ್ಟರು.

ಮನೆಗೆ ಬಂದು ಸೌಮ್ಯಳಿಗೆ ಹೇಳಿದೆ.

“ಅವನಿಗೆ ಮಕ್ಕಳ ಮ್ಯಾಲೆ ಸಿಟ್ಟಿಲ್ಲ ಕಣೇ. ಭಾನುವಾರ ಮೂರೂವರೆಗೆ ಹೆಂಡ್ತಿ ಹತ್ರ ಇರ್ಬೇಕು. ಅವನು ಹೋಗೋತಂಕ ಆಕಿ ಚಾ ಮುಟ್ಟಂಗಿಲ್ಲ. ನೀನು ರಸ್ತೆ ಮುಚ್ಚಿದ್ರೆ ಕಾರು ಹೆಂಗೆ ತೆಗೀಲಿ ಅಂತ ಅವನಿಗೆ.”

“ಬೀದಿಯೋರ ಕಾರು ನಿಧಾನಕ್ಕೆ ಬಿಡ್ತೀವಿ ಅಜ್ಜಿ. ಒಬ್ರು ಮುಂದೆ ನಡ್ಕಂತ ಹೋಗಿ ದಾಟಿಸ್ತಾರೆ. ಫಾರಂನಾಗೇ ಬರ್ದೀನಿ.”

“ಬರೆದಿದ್ದನ್ನ ಯಾರು ನಂಬ್ತಾರೆ? ನೀನು ಎಲ್ಲಿಗೆ ಹೋಗ್ತೀರಿ ಅಂತ ಕೇಳಿದ್ದೇನು?”

“ಫಾರಂ ಕೊಟ್ಟಿದ್ದೆ.”

“ಫಾರಂಗೆ ಬಾಯಿ ಐತೇನೇ?”

ಎರಡು ವರ್ಷದಿಂದ ಗೋಡೆಗೆ ಗೋಡೆ ತಾಗಿದ ಮನೆ.

ಬೀದಿ ಮುಚ್ಚಿದ ಭಾನುವಾರ

ಪರೀಕ್ಷೆಯ ಭಾನುವಾರ ಬಂತು. ಪ್ರಕಾಶನಿಗೆ ಅಂದು ರಜೆ. ಡೆನಿಸಪ್ಪನ ಕಾರಿನಲ್ಲಿ ಡೆನಿಸಪ್ಪನನ್ನು ಕೂರಿಸಿಕೊಂಡು ತಾನು ಓಡಿಸುವುದು, ಮುಂದೆ ನಡೆದು ದಾಟಿಸುವುದು ನಾನು ಎಂದು ಮಾತಾಯಿತು. ನನಗೆ ಸೀರೆ, ಸ್ವೆಟರ್‌ನ ಮೇಲೆ ಹೊಳೆಯುವ ಹಳದಿ ಜಾಕೀಟು ತೊಡಿಸಿದರು. ಥೇಟು ನಮ್ಮೂರಲ್ಲಿ ರಸ್ತೆಗೆ ಡಾಂಬರು ಹಾಕುವವರ ಹಾಗೆ.

ಎರಡು ಗಂಟೆಗೆ ಬೀದಿಯ ಎರಡೂ ಬಾಯಿಗೆ ಬೋರ್ಡು ಇಟ್ಟರು. ಆಮೇಲೆ? ಆಮೇಲೆ ಏನೂ ಇಲ್ಲ. ಎಲ್ಲರೂ ಅವರವರ ಬಾಗಿಲಲ್ಲಿ ಕಪ್ಪು ಹಿಡಿದುಕೊಂಡು ನಿಂತರು. ಮಕ್ಕಳು ಅವರ ಕಾಲು ಹಿಡಿದುಕೊಂಡು ನಿಂತವು. ನಮ್ಮೂರಲ್ಲಿ ರಸ್ತೆ ಬಂದ್ ಎಂದರೆ ಯಾಕೆ ಬಂದ್ ಎಂದು ಕೇಳುವುದಕ್ಕೇ ಐವತ್ತು ಜನ ಸೇರುತ್ತಾರೆ. ಇಲ್ಲಿ ಒಂದು ವರ್ಷ ಓಡಾಡಿ ಬೀದಿ ಪಡೆದರು, ಪಡೆದ ಬೀದಿಯಲ್ಲಿ ಏನು ಮಾಡಬೇಕೆಂದು ಯಾರಿಗೂ ಗೊತ್ತಿಲ್ಲ. ಸೌಮ್ಯಳ ಮುಖ ಸಣ್ಣದಾಯಿತು.

ನನಗೆ ನಿಂತು ಕಾಲು ನೋಯುತ್ತಿತ್ತು. ಒಳಗಿನಿಂದ ಊಟದ ಕುರ್ಚಿ ತಂದು ರಸ್ತೆಯ ನಟ್ಟನಡುವೆ ಹಾಕಿ ಕೂತೆ. ಖಾಲಿ ಕೈಯಲ್ಲಿ ಕೂರುವುದು ನನಗೆ ಆಗದು. ಚಿನ್ನು ಕೈಯಲ್ಲಿ ನಾಲ್ಕು ಕಟ್ಟು ಮೆಂತ್ಯ ಸೊಪ್ಪು ತರಿಸಿ ಮಡಿಲಲ್ಲಿ ಹಾಕಿಕೊಂಡು ಬಿಡಿಸಲು ಶುರು ಮಾಡಿದೆ. ಎದುರು ಮನೆಯ ಹೆಂಗಸು ಹತ್ತಿರ ಬಂದು ಮೂಸಿ ನೋಡಿದಳು. ಒಂದು ಕಟ್ಟು ಅವಳ ಕೈಗೆ ಕೊಟ್ಟೆ. ಅವಳು ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತಳು. ಇನ್ನೊಬ್ಬಳು ಕುರ್ಚಿ ತಂದಳು. ದಂಟು, ಬೇರು, ಎಲೆ ಎಲ್ಲ ಒಟ್ಟಿಗೆ ಕಿತ್ತು ಹಾಕುತ್ತಿದ್ದರು. ಕೈ ಮೇಲೆ ಹೊಡೆದು ತೋರಿಸಿಕೊಟ್ಟೆ. ಮೂರು ಮನೆ ಆಚೆಯ ಹುಡುಗಿ ಬಣ್ಣದ ಸೀಮೆಸುಣ್ಣ ತಂದಳು. ಅವಳೂ ಚಿನ್ನುವೂ ನನ್ನ ಕುರ್ಚಿಯ ಸುತ್ತ ಗೆರೆ ಎಳೆದು ನಾನು ಕಾಲು ಆಚೆ ಇಡಬಾರದು ಎಂದರು. ಆಮೇಲೆ ಸದ್ದು ತಾನಾಗಿ ಬಂತು.

ಮೂರಕ್ಕೆ ಹತ್ತು ನಿಮಿಷವಿರುವಾಗ ಡೆನಿಸಪ್ಪ ಕೋಟು ಹಾಕಿಕೊಂಡು ಬಂದು ಕಾರಿನಲ್ಲಿ ಕೂತ. ಮುಖ ಬಿಗಿದಿತ್ತು. ನಾನು ಸೊಪ್ಪು ಕೊಡವಿ ಎದ್ದೆ. ಕೈ ಎತ್ತಿ ಕಾರಿನ ಮುಂದೆ ನಡೆದೆ. ಮಕ್ಕಳು ಸರಿದರು, ಕುರ್ಚಿಗಳು ಸರಿದವು. ನನ್ನ ಮಂಡಿ ಎಷ್ಟು ನಡೆಯುತ್ತದೋ ಅಷ್ಟೇ ವೇಗ. ಅರ್ಧ ಬೀದಿ ಆಗಿರಬೇಕು, ಹಿಂದಿನಿಂದ ಹಾರ್ನ್ ಕೇಳಿಸಿತು. ಅಷ್ಟು ದಿನದಲ್ಲಿ ಆ ದೇಶದಲ್ಲಿ ನಾನು ಕೇಳಿದ ಮೊದಲ ಹಾರ್ನ್. ತಿರುಗಿ ನೋಡಿದರೆ ಡೆನಿಸಪ್ಪ ಪಕ್ಕದಿಂದ ಎಡಗೈ ಚಾಚಿ ತಾನೇ ಒತ್ತಿದ್ದಾನೆ.

“ಏನ್ ಅವಸರ ನಿಂಗೆ? ನಡಿಯೋಳಿಗೆ ಗೊತ್ತು ಮಂಡಿನೋವು!” ಎಂದು ಕೂಗಿದೆ.

ಪ್ರಕಾಶ ತಲೆ ತಗ್ಗಿಸಿದ. ಡೆನಿಸಪ್ಪ ಪಟ್ಟಿ ಕಟ್ಟಿದ ಕೈಯನ್ನು ಎತ್ತಿ ಮುಂದೆ ಹೋಗು ಎಂದು ತೋರಿಸಿದ. ದಾಟಿಸಿದೆ. ಮೂರೂವರೆಗೆ ಐದು ನಿಮಿಷ ಮುಂಚೆಯೇ ಮುಟ್ಟಿದರಂತೆ, ಚಾ ಬಿಸಿ ಇತ್ತಂತೆ. ಪ್ರಕಾಶ ಬಂದು ಹೇಳಿದ. ವಾಪಸು ಬರುವಾಗಲೂ ನಾನೇ ಮುಂದೆ ನಡೆದೆ. ಆಗ ಹಾರ್ನ್ ಹೊಡೆಯಲಿಲ್ಲ.

ಕೋನ್

ಫಾರಂ ಕೊಡಲು ಎರಡು ವಾರ ಇತ್ತು. ಸೌಮ್ಯ ದಿನಾ ಪಾಲಿಕೆಯ ಕಾಗದ ಬಂದಿದೆಯೇ ಎಂದು ಬಾಗಿಲಿನ ಕಂಡಿ ನೋಡುವಳು. ಡೆನಿಸಪ್ಪನನ್ನು ಕೇಳು ಎಂದು ನಾನು ಹೇಳಿದೆ. ಈ ಸಲ ಕೇಳಿದಳು. ಇನ್ನೂ ಯೋಚನೆ ಮಾಡುತ್ತಿದ್ದೇನೆ ಎಂದನಂತೆ. ಉಪ್ಪಿಟ್ಟಿನ ತಟ್ಟೆ ಮಾತ್ರ ತೊಳೆದು ವಾಪಸು ಕೊಟ್ಟ.

ಎರಡು ವಾರ ಕಳೆಯಿತು. ಅವನು ಫಾರಂ ಕೊಡಲೇ ಇಲ್ಲ. ಬೇಕು ಎಂದೂ ಹೇಳಲಿಲ್ಲ, ಬೇಡ ಎಂದೂ ಬರೆಯಲಿಲ್ಲ. ವರ್ಷದ ಒಪ್ಪಿಗೆ ಬಂತು. ಸೌಮ್ಯ ಕಾಗದ ಹಿಡಿದು ಅಡಿಗೆಮನೆಯಲ್ಲಿ ಕುಣಿದಳು.

ಮುಂದಿನ ಮುಚ್ಚುವ ಭಾನುವಾರ ಬೀದಿಯ ಬಾಯಿಗೆ ಇಡಲು ಪಾಲಿಕೆಯವರು ಕೊಟ್ಟ ಕೋನ್‌ಗಳಲ್ಲಿ ಒಂದು ಕಡಿಮೆ ಬಿತ್ತು. ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದರು. ಡೆನಿಸಪ್ಪ ಒಳಗಿನಿಂದ ತನ್ನ ಕೋನ್ ಎತ್ತಿಕೊಂಡು ಬಂದ. ಕೈಗೆ ಪಟ್ಟಿ ಇರಲಿಲ್ಲ. ನಮ್ಮನ್ನು ಯಾರನ್ನೂ ನೋಡದೆ ಬೀದಿಯ ತುದಿಗೆ ಹೋಗಿ, ಖಾಲಿ ಜಾಗದಲ್ಲಿ ಅದನ್ನು ಇಟ್ಟು, ಸರಿಯಾಗಿದೆಯೇ ಎಂದು ಕಾಲಿನಿಂದ ಸ್ವಲ್ಪ ತಳ್ಳಿ ನೋಡಿ, ವಾಪಸು ಬಂದ. ಮೂರಕ್ಕೆ ಹತ್ತು ನಿಮಿಷವಿರುವಾಗ ತಾನೇ ಕಾರು ಹೊರಡಿಸಿದ. ನಾನು ಜಾಕೀಟು ಹಾಕಿಕೊಂಡು ಮುಂದೆ ನಡೆದೆ.

ಬೀದಿಯ ತುದಿಯಲ್ಲಿ ಆ ಕೋನನ್ನು ಎತ್ತಿ ಅವನಿಗೆ ದಾರಿ ಬಿಟ್ಟವಳು ನಾನೇ. ಮತ್ತೆ ಇಡುವಾಗ ನನಗೆ ನನ್ನ ಕಲ್ಲುಗಳ ನೆನಪಾಯಿತು. ಅವು ಇಷ್ಟು ಹಗುರವಲ್ಲ.

ಮತ್ತೆ ದಾವಣಗೆರೆ

ಶ್ರಾವಣದಲ್ಲಿ ವಾಪಸು ಬಂದೆ. ಸುಣ್ಣ ಮಳೆಗೆ ತೊಳೆದು ಹೋಗಿತ್ತು, ಕಲ್ಲು ಇದ್ದವು. ನೂರ್‌ಜಹಾನಳ ಬಾಗಿಲಲ್ಲಿ ಆರು ಬೈಕು ಇದ್ದವು.

ನಮ್ಮ ಬೀದಿಯನ್ನೂ ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ ಮುಚ್ಚಬೇಕೆಂದು ಮನಸ್ಸಿಗೆ ಬಂತು. ನಾನು ಯಾರಿಗೂ ಫಾರಂ ಕೊಡಲಿಲ್ಲ. ಮನೆಮನೆಗೆ ಹೋಗಿ, ಆ ಹೊತ್ತಿಗೆ ನಿಮಗೆ ಎಲ್ಲಿಗಾದರೂ ಹೋಗುವುದಿರುತ್ತದೆಯೇ ಎಂದು ಕೇಳಿದೆ. ಒಬ್ಬರಿಗೆ ಆರತಿಗೆ ಗುಡಿಗೆ ಹೋಗಬೇಕು, ಒಬ್ಬರಿಗೆ ನೀರಿನ ಟ್ಯಾಂಕರ್ ಬರುತ್ತದೆ. ಸರಿ, ನಾನು ಮುಂದೆ ನಡೆದು ದಾಟಿಸುತ್ತೇನೆ ಎಂದೆ. ನಮ್ಮ ವಾರ್ಡಿನ ಮೆಂಬರ್ ಪೊಲೀಸ್ ಠಾಣೆಗೆ ಒಂದು ಅರ್ಜಿ ಕೊಡಿ ಎಂದ. ಕೊಟ್ಟೆವು. ನಮಗೂ ಅರ್ಜಿ ಬೇಕಾಯಿತು ನೋಡಿ.

ಕೊನೆಗೆ ಉಳಿದದ್ದು ಎದುರು ಮನೆ. ಬೈಕುಗಳ ನಡುವೆ ಅಡ್ಡಡ್ಡ ನುಸುಳಿ ಬಾಗಿಲು ಬಡಿದೆ. ಹ್ಯಾಂಡಲ್‌ಗೆ ಸಿಕ್ಕಿ ಸೆರಗು ಹರಿಯಿತು.

“ಭಾನುವಾರ ಸಂಜಿಗೆ ಎಲ್ಲಿಗಾದ್ರೂ ಹೋಗೋದೈತೇನೇ?”

ನೂರ್‌ಜಹಾನ್ ನನ್ನ ಹರಿದ ಸೆರಗು ನೋಡಿದಳು.

“ನಾನೆಲ್ಲಿಗೆ ಹೋಗ್ಲ್ರಿ? ನನ್ ಬಾಗ್ಲು ಮುಚ್ಚಿ ಯಾವ ಕಾಲ ಆತು.”

ಮಾರನೇ ದಿನ ಮಂಡಕ್ಕಿ ಭಟ್ಟಿಯ ಇಬ್ಬರು ಹಮಾಲರನ್ನು ಕರೆಸಿದೆ. ನಾಲ್ಕೂ ಕಲ್ಲನ್ನು ಹಾರೆ ಹಾಕಿ ಎಬ್ಬಿಸಿ, ಬೀದಿಯ ಈ ತುದಿಗೆ ಎರಡು, ಆ ತುದಿಗೆ ಎರಡು, ರಸ್ತೆಯ ಅಂಚಿಗೆ ಉರುಳಿಸಿದರು. ಭಾನುವಾರ ಕಲ್ಲಿನಿಂದ ಕಲ್ಲಿಗೆ ಹಗ್ಗ ಕಟ್ಟಿದರೆ ಆಯಿತು, ಬಿಚ್ಚಿದರೆ ಆಂಬ್ಯುಲೆನ್ಸಿಗೂ ದಾರಿ.

ಮೊದಲ ಭಾನುವಾರ ಚೆನ್ನಾಗಿ ಆಗಲಿಲ್ಲ. ಒಬ್ಬ ಸ್ಕೂಟಿಯವನು ಇದು ನಿಮ್ಮಪ್ಪನ ರಸ್ತೆಯೇ ಎಂದು ಕೇಳಿ ಹಗ್ಗದಡಿ ನುಗ್ಗಿದ. ಅಲ್ಲ, ಎಲ್ಲರಪ್ಪನದು, ಇಳಿದು ತಳ್ಳಿಕೊಂಡು ಹೋಗು ಎಂದೆ. ಹೋಗಲಿಲ್ಲ, ಓಡಿಸಿಕೊಂಡೇ ಹೋದ. ಎರಡನೆಯ ಭಾನುವಾರ ಅವನೇ ಇಳಿದು ತಳ್ಳಿದ. ಉಳಿದ ದಿನ ಟ್ಯೂಷನ್ ಹುಡುಗರ ಬೈಕುಗಳಲ್ಲಿ ಮೂರು ನನ್ನ ಗೇಟಿನ ಮುಂದೆ, ಮೂರು ಅವಳ ಕಡೆ ನಿಲ್ಲುತ್ತವೆ. ಬೈಯುತ್ತೇನೆ. ಬೈದರೂ ನಿಲ್ಲಿಸುತ್ತಾರೆ. ಅವಳ ಮೆಟ್ಟಿಲು ಮಾತ್ರ ಖಾಲಿ ಇದೆ, ಅಷ್ಟಾದರೂ ಕೇಳುತ್ತಾರೆ.

ಆ ಎರಡನೆಯ ಭಾನುವಾರ ನಾನು ಕುರ್ಚಿ ಹಾಕಿಕೊಂಡು ರಸ್ತೆಯ ನಡುವೆ ಸೊಪ್ಪು ಬಿಡಿಸುತ್ತಿದ್ದೆ. ನೂರ್‌ಜಹಾನ್ ತನ್ನ ಮೆಟ್ಟಿಲ ಮೇಲೆ ಸೀರೆ ಹರವಿಕೊಂಡು ಕೂತಿದ್ದಳು. ಒಂದು ಕುಚ್ಚು ಮುಗಿಯಿತು. ಆಮೇಲೆ ಅವಳು ದಾರ ಹಲ್ಲಿನಲ್ಲಿ ಕಡಿದು ಹೇಳಿದಳು.

“ಈ ನಾಕು ಕಲ್ಲು ತೆಗೆಯಾಕೆ ಇಂಗ್ಲೆಂಡಿಗೆ ಹೋಗ್ಬೇಕಾತೇನ್ರಿ ಕೊಟ್ರಮ್ಮಾರೆ? ನಾನು ಎದುರಿಗೇ ಇದ್ನಲ್ರಿ.”

ಒಂದು ಕಟ್ಟು ಸೊಪ್ಪು ತೆಗೆದು ಅವಳ ಮುಂದೆ ಹಿಡಿದೆ.

“ಹಿಡಿ, ಬಿಡಿಸು.”

“ನನ್ ಕೈಯಾಗ ಸೂಜಿ ಐತ್ರಿ. ನಿಮ್ ಸೊಪ್ಪು ನೀವೇ ಬಿಡಿಸ್ಕಳ್ರಿ. ಆ ಹರಿದ ಸೀರೆ ಮಾತ್ರ ನಾಳೆ ಕಳಿಸ್ರಿ.”

ಬಿಡಿಸಿದೆ. ಸೀರೆಯನ್ನು ನಾಳೆಗೆ ಇಡಲಿಲ್ಲ, ಆಗಲೇ ಒಳಗೆ ಹೋಗಿ ತಂದು ಕೊಟ್ಟೆ.